ದೂರದ ಊರಿನಲ್ಲಿ ಮನೆ ಕೊಳ್ಳುವಾಗ ದಲ್ಲಾಳಿಯ ಆಯ್ಕೆ

ಮಕ್ಕಳ ಓದಿಗೆಂದೋ, ವಯಸ್ಸಾದ ಮೇಲೆ ಆಸ್ಪತ್ರೆ ಹತ್ತಿರವಿರಲೆಂದೋ ಮೈಸೂರು, ಬೆಂಗಳೂರುಗಳಲ್ಲಿ ಒಂದು ಮನೆ ಇರಬೇಕೆಂಬ ಆಸೆ ನಮ್ಮ ಸದಸ್ಯರಲ್ಲಿ ಅನೇಕರಿಗಿದೆ. ಆದರೆ ಕೊಯ್ಲಿನ ಕಾಲದಲ್ಲಿ ತೋಟ ಬಿಟ್ಟು ವಾರಗಟ್ಟಲೆ ಪೇಟೆ ಸುತ್ತುವುದು ಆಗದ ಮಾತು. ಆದ್ದರಿಂದ ದಲ್ಲಾಳಿಯನ್ನು ನಂಬಬೇಕಾಗುತ್ತದೆ. ಮಂಡಿಯಲ್ಲಿ ರಾಶಿಯೊಡನೆ ಗೊರಬಲು ಬೆರೆತಿದ್ದರೆ ಒಂದು ಹಿಡಿ ಎತ್ತಿದ ಕೂಡಲೇ ಹೇಳಬಲ್ಲ ನಾವು, ಮನೆಯ ವಿಷಯದಲ್ಲಿ ಹೊಸ ಸುಣ್ಣಬಣ್ಣ ಕಂಡು ಒಪ್ಪಿಬಿಡುತ್ತೇವೆ.

ನಮಗೂ ಹಾಗೆಯೇ ಆಯಿತು. ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಒಂದು ಹಳೆಯ ಮನೆ ನೋಡಿದೆವು. ದಲ್ಲಾಳಿ ಬಹಳ ವಿನಯದವರು. ನಾವು ಊರಿಗೆ ಮರಳಿದ ಮಾರನೆಯ ದಿನವೇ ಫೋನು ಬಂತು: "ನಾಳೆ ಬೇರೆ ಪಾರ್ಟಿ ಅಡ್ವಾನ್ಸ್ ಕೊಡ್ತಾರೆ ಸಾರ್, ಇವತ್ತೇ ಎರಡು ಲಕ್ಷ ಹಾಕಿಬಿಡಿ." ಹಾಕಿದೆವು, ಅದೂ ದಲ್ಲಾಳಿಯ ಹೆಸರಿಗೆ. ಆಮೇಲೆ ಕಾಗದ ನೋಡಿದ ವಕೀಲರು ಒಂದೇ ಪ್ರಶ್ನೆ ಕೇಳಿದರು: ಮಾರುವವರಿಗೆ ಅಕ್ಕತಂಗಿಯರಿಲ್ಲವೇ? ಇಬ್ಬರಿದ್ದರು. ಉಯಿಲು ಬರೆಯದೆ ತೀರಿಕೊಂಡ ತಂದೆಯ ಮನೆ ಅದು. ಹೆಣ್ಣುಮಕ್ಕಳ ಸಹಿ ಎಲ್ಲಿಯೂ ಇರಲಿಲ್ಲ. ಕೊಟ್ಟದ್ದರಲ್ಲಿ ಅರ್ಧ ಮರಳಲು ಹನ್ನೊಂದು ತಿಂಗಳು ಹಿಡಿಯಿತು. ಉಳಿದದ್ದು ಬರಲೇ ಇಲ್ಲ. ತೋಟದ ಪಾಲುಪಟ್ಟಿ ಬರೆಸುವಾಗ ವಂಶವೃಕ್ಷ ಕೇಳುವ ನಮಗೆ ಇಲ್ಲಿ ಅದು ಹೊಳೆಯಲಿಲ್ಲ.

ಎರಡನೆಯ ದಲ್ಲಾಳಿ ಅಷ್ಟು ಮಾತುಗಾರರಲ್ಲ. ಕೇಳಿದೊಡನೆ ಮೂಲಪತ್ರಗಳ ನಕಲು ಕೊಟ್ಟರು, ಮುಂಗಡದ ಮಾತೆತ್ತಲಿಲ್ಲ. ನಾವು ಮೆಚ್ಚಿದ ಒಂದು ಮನೆಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ ಎಂದು ತಾವಾಗಿಯೇ ಹೇಳಿ ತಮ್ಮ ಕಮಿಷನ್ ಕಳೆದುಕೊಂಡರು. ದಲ್ಲಾಳಿಯನ್ನು ಅಳೆಯಲು ನಮಗೆ ಸಿಕ್ಕ ಮಾಪು ಇದು: ಕಾಗದ ಕೇಳಿದಾಗ, ಎರಡು ವಾರ ಕಾಯಿರಿ ಎಂದಾಗ, ಅವರು ಹೇಗೆ ನಡೆದುಕೊಳ್ಳುತ್ತಾರೆ?

ಕಾನೂನಿನ ನೆರವೂ ಸ್ವಲ್ಪ ಇದೆ. 2016ರ ಸ್ಥಿರಾಸ್ತಿ ಕಾಯ್ದೆಯ, ಅಂದರೆ ರೇರಾದ ಪ್ರಕಾರ, ನೋಂದಾಯಿತ ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಯೋಜನೆಗಳಲ್ಲಿ ಮಾರಾಟ ಮಾಡಿಸುವ ದಲ್ಲಾಳಿ ತಾನೂ ನೋಂದಣಿ ಪಡೆದಿರತಕ್ಕದ್ದು. ಆ ಸಂಖ್ಯೆಯನ್ನು ಕೇಳಿ ಪಡೆದು, ಕರ್ನಾಟಕ ರೇರಾ ಜಾಲತಾಣದಲ್ಲಿ ಸರಿನೋಡಬಹುದು. ಆದರೆ ಹಳೆಯ ಬಿಡಿ ಮನೆಯ ವ್ಯವಹಾರಕ್ಕೆ ಈ ಏರ್ಪಾಡನ್ನು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ನಮ್ಮ ಎಚ್ಚರವೇ ನಮಗೆ ಬೇಲಿ.

ವಕೀಲರನ್ನು ನಾವೇ ಗೊತ್ತುಮಾಡಿಕೊಳ್ಳಬೇಕು. ದಲ್ಲಾಳಿ ತೋರಿಸಿದವರು ಎಷ್ಟೇ ಒಳ್ಳೆಯವರಾದರೂ ಬೇಡ. ಋಣಭಾರ ಪತ್ರವನ್ನು ಕಾವೇರಿ ಜಾಲತಾಣದ ಮೂಲಕ ಸ್ವತಃ ತೆಗೆಸಿರಿ, ದಲ್ಲಾಳಿ ಕೊಟ್ಟ ನಕಲನ್ನು ನೆಚ್ಚಬೇಡಿರಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಪಾಲಿನ ತಕರಾರಾಗಲಿ, ಬಾಯಿಮಾತಿನ ಕರಾರಾಗಲಿ ಕಾಣದು. ಬರೀ ಜಿ.ಪಿ.ಎ. ಮೇಲೆ ಕೊಡಿಸುತ್ತೇವೆ ಎಂದವರಿಗೆ ದೂರದಿಂದಲೇ ಕೈಮುಗಿಯಿರಿ: ಅದರಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಸ್ಪಷ್ಟಪಡಿಸಿದೆ. ಇ-ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿರಿ, ಆದರೆ ಖಾತೆಯೊಂದೇ ಹಕ್ಕುಪತ್ರವಲ್ಲ.

ಅಲ್ಲಿ ನೆಲೆಸಿರುವ ನಮ್ಮ ಕಡೆಯವರು ಯಾರಾದರೂ ಇದ್ದರೆ, ದಲ್ಲಾಳಿಗೆ ತಿಳಿಸದೆ ಒಂದು ಸಂಜೆ ಆ ಬೀದಿಗೆ ಹೋಗಿ ಬರಲು ಹೇಳಿ. ಎದುರು ಮನೆಯವರಿಗೆ ತಿಳಿದಿರುವಷ್ಟು ಯಾವ ಪತ್ರಕ್ಕೂ ತಿಳಿದಿರುವುದಿಲ್ಲ! ಮುಂಗಡವನ್ನು ಕರಾರುಪತ್ರವಾದ ಮೇಲೆ, ಬ್ಯಾಂಕಿನ ಮೂಲಕ, ಮಾಲೀಕರ ಹೆಸರಿಗೇ ಕೊಡಬೇಕು. ಕಮಿಷನ್ ಎಷ್ಟು, ಮಾರುವವರಿಂದಲೂ ಪಡೆಯುತ್ತಾರೆಯೇ ಎಂಬುದನ್ನು ಮೊದಲೇ ಬರೆಸಿಕೊಂಡು, ಕ್ರಯಪತ್ರ ನೋಂದಣಿಯಾದ ದಿನ ಸಲ್ಲಿಸತಕ್ಕದ್ದು. ಆ ದಿನ ಮಾತ್ರ, ಕಣದಲ್ಲಿ ಕಾಫಿ ಹರಡಿದ್ದರೂ ಸರಿಯೇ, ನಾವೇ ಖುದ್ದಾಗಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿರಬೇಕು.