ಹೊಸ ಮನೆಗೆ ಫೈರ್‌ಪ್ಲೇಸ್ ಬೇಕೇ? ಪಾಯ ತೆಗೆಯುವ ಮೊದಲೇ ಲೆಕ್ಕ ಹಾಕಿ

ಮಡಿಕೇರಿ, ಊಟಿಯ ಹಳೇ ಬಂಗಲೆಗಳಲ್ಲಿ ಫೈರ್‌ಪ್ಲೇಸ್ ಒಪ್ಪುತ್ತದೆ. ಮೊಬೈಲ್‌ನಲ್ಲಿ ಕಂಡ ಹಾಲ್ ಡಿಸೈನ್ ಮೆಚ್ಚಿ ಕಲಬುರಗಿ ಜಿಲ್ಲೆಯ ಯಡ್ರಾಮಿಯ ಮನೆಗೂ ಅದೇ ಬೇಕೆನ್ನುವವರು ನಕ್ಷೆ ಕೈಗೆ ಬರುವ ಮುನ್ನ ಈ ಏಳು ಹಂತ ದಾಟಲಿ. ಈ ಸೀಮೆಯ ಹೆಚ್ಚಿನ ಮನೆಗಳಿಗೆ ಉತ್ತರ ‘ಬೇಡ’ ಎಂದೇ ಬರುತ್ತದೆ. ಆದರೆ ಅದು ನಿಮ್ಮ ಲೆಕ್ಕದಿಂದಲೇ ಬರಲಿ.

1. ಥಂಡಿ ಅಳೆಯಿರಿ

ಸಾಧಾರಣ ಥರ್ಮಾಮೀಟರ್ ಒಂದನ್ನು ಈಗಿರುವ ಮನೆಯ ಮಲಗುವ ಕೋಣೆಯಲ್ಲಿ ತೂಗುಹಾಕಿ. ಡಿಸೆಂಬರ್, ಜನವರಿಯಲ್ಲಿ ದಿನಾ ಬೆಳಗಿನ 5 ಗಂಟೆಯ ಉಷ್ಣಾಂಶ ಬರೆದಿಡಿ. ಹೊಲದಲ್ಲಿ ಎಷ್ಟೇ ಥಂಡಿಯಿದ್ದರೂ ಹಗಲ ಬಿಸಿಲು ಹೀರಿದ ಗೋಡೆ, ಸ್ಲ್ಯಾಬ್‌ಗಳಿಂದ ಒಳಗೆ ಅಷ್ಟು ಚಳಿ ಇರುವುದಿಲ್ಲ. ಮನೆಯೊಳಗೆ 18 ಡಿಗ್ರಿಯಾದರೂ ಇರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕಿಂತ ಕೆಳಗಿಳಿದ ರಾತ್ರಿಗಳನ್ನಷ್ಟೇ ಎಣಿಸಿ.

2. ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಚಿಮಣಿ ಎಂದರೆ ಮಾಳಗಿಯಲ್ಲಿ ವರ್ಷವಿಡೀ ತೆರೆದಿರುವ ತೂತು. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಕೂಲರ್‌ನ ತಂಪು ಸೋರುತ್ತದೆ, ಧೂಳು ಇಳಿಯುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ.

3. ಮಣ್ಣು ನೋಡಿ

ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಇಟ್ಟಿಗೆ ಚಿಮಣಿಯ ಭಾರ ಒಂದೇ ಕಡೆ ಬೀಳುವುದರಿಂದ ಆ ಭಾಗ ಕುಸಿದರೆ ಪಕ್ಕದ ಗೋಡೆಯಲ್ಲೂ ಬಿರುಕು ಬಿಡುತ್ತದೆ. ಗಟ್ಟಿ ನೆಲದವರೆಗೆ ಪಾಯ ಇಳಿಸಲು ಎಷ್ಟಾಗುತ್ತದೆ ಎಂದು ಎಂಜಿನಿಯರ್‌ರಿಂದ ಬರೆಸಿಕೊಳ್ಳಿ.

4. ಉರುವಲು ಯಾವುದು?

ತೊಗರಿ ರಾಶಿ ಮುಗಿದ ಮೇಲೆ ಮನೆ ಹಿಂದೆ ತೊಗರಿ ಕಟಗಿಯ ಒಟ್ಟಿಲು ಏಳುವುದು ಥಂಡಿ ದಿನಗಳಲ್ಲೇ. ಆದರೆ ಆ ಕಡ್ಡಿ ಭಗ್ಗೆಂದು ಹೊತ್ತಿ ಬೇಗ ಬೂದಿಯಾಗುತ್ತದೆ, ಕೆಂಡ ನಿಲ್ಲುವುದಿಲ್ಲ. ಫೈರ್‌ಪ್ಲೇಸ್‌ಗೆ ಬೇಕಾದದ್ದು ಒಣಗಿದ ಜಾಲಿಯಂಥ ಗಟ್ಟಿ ಕಟ್ಟಿಗೆ. ಕೊಂಡರೆ ಅದೂ ಖರ್ಚೇ.

5. ಒಂದು ರಾತ್ರಿಯ ಬೆಲೆ ತೆಗೆಯಿರಿ

ಪಾಯ, ಚಿಮಣಿ, ಕೂಲಿ ಸೇರಿ 1 ಲಕ್ಷ ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ 20 ರಾತ್ರಿ ಉರಿಸಿದರೆ 10 ವರ್ಷಕ್ಕೆ 200 ರಾತ್ರಿ. ಕಟ್ಟಿಗೆ ಬಿಟ್ಟೇ ಒಂದು ರಾತ್ರಿಗೆ 500 ರೂಪಾಯಿ ಬಿತ್ತು. 1,000 ವಾಟ್‌ನ ಹೀಟರ್ 4 ಗಂಟೆ ಓಡಿದರೆ 4 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 32 ರೂಪಾಯಿ. ಸಾಲದ್ದಕ್ಕೆ ತೆರೆದ ಫೈರ್‌ಪ್ಲೇಸ್‌ನ ಶಾಖದಲ್ಲಿ ಬಹುಪಾಲು ಹೊಗೆಯ ಜೊತೆ ಮೇಲೇ ಹೋಗುತ್ತದೆ. ಕೋಣೆಯ ಬೆಚ್ಚಗಿನ ಗಾಳಿಯನ್ನೂ ಎಳೆದೊಯ್ಯುತ್ತದೆ.

6. ಅದೇ ದುಡ್ಡಿಗೆ ಬೇರೇನು ಬರುತ್ತದೆ?

ಥಂಡಿ ದಿನಗಳಲ್ಲಿ ನಿಜಕ್ಕೂ ಬೇಕಾದದ್ದು ಜಳಕಕ್ಕೆ ಬಿಸಿನೀರು. ಬಚ್ಚಲಿಗೆ ಹೊರಗಿನಿಂದ ಉರಿ ಹಾಕುವ ಹಂಡೆ ಒಲೆ, ಅದಕ್ಕೊಂದು ಹೊಗೆ ಕೊಳವೆ ಕಟ್ಟಿಸಿದರೆ ತೊಗರಿ ಕಟಗಿಯೂ ಉಪಯೋಗಕ್ಕೆ ಬರುತ್ತದೆ. ಸೋಲಾರ್ ಹೀಟರ್‌ಗೆ ಇಲ್ಲಿ ಬಿಸಿಲಿನ ಬರವಿಲ್ಲ. ಉಳಿದ ಹಣವನ್ನು ಮಾಳಗಿಗೆ ಹಾಕಿ: ಬಿಳಿ ಚೀನಾ ಮೊಸಾಯಿಕ್ ಅಥವಾ ಸುಣ್ಣದ ಲೇಪ ಬೇಸಿಗೆಯುದ್ದಕ್ಕೂ ಕೆಲಸ ಮಾಡುತ್ತದೆ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗುವುದನ್ನು ಮಾತ್ರ ಪರ್ಯಾಯ ಎಂದುಕೊಳ್ಳಬೇಡಿ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

7. ಆದರೂ ಬೇಕೆಂದರೆ

ಮನೆಯಲ್ಲಿ ವಯಸ್ಸಾದವರಿದ್ದು, ನಿಮ್ಮ ಪಟ್ಟಿಯಲ್ಲಿ ಥಂಡಿ ರಾತ್ರಿಗಳೂ ಹೆಚ್ಚಿದ್ದು, ಶಾಖಕ್ಕಾಗಿಯೇ ಕಟ್ಟಿಗೆ ಉರಿಸುವುದಾದರೆ ಬಾಗಿಲಿರುವ ಕಬ್ಬಿಣದ ಒಲೆ ಮೇಲು. ತೆರೆದ ಬಾಯಿಯದೇ ಬೇಕೆಂದರೆ ಮೂರು ಅಳತೆ ನೆನಪಿಡಿ. ಹೊಗೆ ಕೊಳವೆಯ ಒಳ ವಿಸ್ತೀರ್ಣ ಬಾಯಿಯ ಹತ್ತನೇ ಒಂದು ಭಾಗವಾದರೂ ಇರಬೇಕು: 3 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಬಾಯಿಗೆ ಸುಮಾರು 11 ಇಂಚು ಚೌಕ. ಚಿಮಣಿ ಮಾಳಗಿಯಿಂದ ಕನಿಷ್ಠ 3 ಅಡಿ ಮೇಲೇಳಬೇಕು. 10 ಅಡಿಯೊಳಗೆ ಪ್ಯಾರಾಪೆಟ್, ನೀರಿನ ಟ್ಯಾಂಕ್ ಏನೇ ಇದ್ದರೂ ಅದಕ್ಕಿಂತ 2 ಅಡಿ ಎತ್ತರವಿರಬೇಕು.

ಉರಿ ತಾಗುವ ಜಾಗಕ್ಕೆ ಶಹಾಬಾದ್ ಕಲ್ಲು ಹಾಕಿಸಬೇಡಿ. ಅದು ಪದರು ಪದರಾದ ಸುಣ್ಣಕಲ್ಲು. ಬೆಂಕಿಗೆ ಚಕ್ಕೆ ಎದ್ದು ಸಿಡಿಯುತ್ತದೆ. ಒಳಗೆ ಫೈರ್‌ಬ್ರಿಕ್ ಇರಲಿ, ಶಹಾಬಾದ್ ಕಲ್ಲು ಮುಂದಿನ ನೆಲಕ್ಕಷ್ಟೇ ಸಾಕು.

ಏನೇ ಆದರೂ ಸ್ಲ್ಯಾಬ್ ಹಾಕುವ ಮೊದಲೇ ತೀರ್ಮಾನಿಸಿ. ಆಮೇಲೆ ತೂತು ಕೊರೆಸಿದರೆ ಒಳಗಿನ ಕಬ್ಬಿಣ ಕತ್ತರಿಸಬೇಕು, ಮೊದಲ ಮಳೆಗೆ ಅಲ್ಲೇ ಸೋರಲು ಶುರುವಾಗುತ್ತದೆ.