ಯುಗಾದಿಗೆ ಸುಣ್ಣ ಬಳಿಯುವ ಮುನ್ನ ಗೋಡೆ ನೋಡಿ

ಯುಗಾದಿ ಹತ್ತಿರ ಬಂತೆಂದರೆ ಧೂಳು ಹೊಡೆದು, ಗೋಡೆಯ ಬಿರುಕು ಮುಚ್ಚಿ, ಸುಣ್ಣ-ಬಣ್ಣ ಬಳಿಯುವ ಗಡಿಬಿಡಿ. ಹೊಂಗೆ, ಬೇವು ಹೂಬಿಡುವುದೂ ಅದೇ ಹೊತ್ತಿಗೆ; ಜೇನು, ದುಂಬಿಗಳಿಗೂ ಕೈತುಂಬ ಕೆಲಸ. ಹಬ್ಬದ ಸಂಭ್ರಮದಲ್ಲಿ ಅವುಗಳ ಮನೆ ಕೆಡದಂತೆ ನೋಡಿಕೊಳ್ಳುವುದು ಕಷ್ಟವೇನಲ್ಲ.

ಮೊದಲು ಗೋಡೆ. ಮಣ್ಣಿನ ಗೋಡೆ, ಕಲ್ಲಿನ ಸಂದು, ಕರೆಂಟ್ ಮೀಟರ್ ಪೆಟ್ಟಿಗೆಯ ಹಿಂದೆ ಮೇಣದ ಪುಟ್ಟ ಕೊಳವೆ ಚಾಚಿಕೊಂಡಿದೆಯೇ ನೋಡಿ. ಅದರ ಬಾಯಲ್ಲಿ ಇರುವೆಯಷ್ಟೇ ದೊಡ್ಡ ಕಪ್ಪು ಹುಳುಗಳು ಕಾವಲು ನಿಂತಿದ್ದರೆ ಅದು ಮುಜಂಟಿ ಜೇನು. ಕೆಲವೆಡೆ ಮಿಸರಿ, ನಸರಿ ಎನ್ನುತ್ತಾರೆ. ಕುಟುಕುವುದಿಲ್ಲ. ಆ ಕೊಳವೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ಇಡೀ ಸಂಸಾರ ಸಾಯುತ್ತದೆ. ಬಣ್ಣದವರು ಬರುವ ಮೊದಲೇ ಸುತ್ತ ನಾಲ್ಕು ಬೆರಳು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಗೋಡೆಯನ್ನೇ ಕೆಡವುವುದಾದರೆ ಜೇನು ಸಾಕುವವರನ್ನು ಕರೆಸಿ ಗೂಡನ್ನು ಪೆಟ್ಟಿಗೆಗೆ ಸೇರಿಸಿ.

ಆಮೇಲೆ ಹಿತ್ತಲು. ಬಿಸಿಲು ಬೀಳುವ ಮೂಲೆಯಲ್ಲಿ ಎರಡಡಿ ಜಾಗವನ್ನಾದರೂ ಟೈಲ್ಸ್ ಹಾಕದೆ, ಅಗೆಯದೆ, ಬರಿ ಮಣ್ಣಾಗಿ ಉಳಿಸಿ. ಗುಂಪು ಕಟ್ಟದೆ ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುವ ಜೇನುಗಳು ನಮ್ಮಲ್ಲಿ ಎಷ್ಟೋ ಇವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನು ಅಂಥದ್ದು. ನನಗೆ ಬಲು ಪ್ರೀತಿಯದು. ಬೆಳಿಗ್ಗೆ ಬದನೆ ಗಿಡದ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡಿ. ಬದನೆ ಹೂವಿನ ಪರಾಗ ಹೊರಬರುವುದು ಕೇಸರದ ತುದಿಯ ಸಣ್ಣ ತೂತಿನಿಂದ ಮಾತ್ರ. ಈ ಜೇನು ಕೇಸರವನ್ನು ತಬ್ಬಿ ಹಿಡಿದು ಮೈ ಅದುರಿಸುತ್ತದೆ. ಗುಂಯ್‌ಗುಡುವ ಸದ್ದು ಥಟ್ಟನೆ ಏರುತ್ತದೆ, ಪರಾಗ ಹಿಟ್ಟಿನಂತೆ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು. ಬದನೆ ಕಾಯಿ ಕಚ್ಚುತ್ತಿಲ್ಲವೆಂದು ಗೊಬ್ಬರ ಸುರಿಯುವ ಮೊದಲು ಇಂಥ ಜೇನು ಬರುತ್ತಿದೆಯೇ ಎಂದು ಗಮನಿಸಿ.

ಹೂವಿರುವಾಗ ಔಷಧಿ ಹೊಡೆಯಲೇಬೇಡಿ. ಕಾಟ ಮಿತಿಮೀರಿದರೆ ಹೊತ್ತು ಮುಳುಗಿದ ಮೇಲೆ, ಹೂವಿಗೆ ತಾಗದಂತೆ, ಹುಳ ಬಿದ್ದ ಗಿಡಕ್ಕಷ್ಟೇ. ಬೇವಿನೆಣ್ಣೆಗೂ ಇದೇ ಮಾತು. ಕರಿಬೇವು, ನಿಂಬೆಯ ಎಲೆಯಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳುವನ್ನು ಹಿಸುಕಬೇಡಿ, ಅದು ಚಿಟ್ಟೆಯಾಗುತ್ತದೆ. ನಾಲ್ಕು ಎಲೆ ಹೋದರೆ ಹೋಗಲಿ.

ಕೊತ್ತಂಬರಿ, ಸಾಸಿವೆಯ ಒಂದೆರಡು ಗಿಡ ಕೀಳದೆ ಹೂವಿಗೆ ಬಿಡಿ. ಅಗಲ ತಟ್ಟೆಯಲ್ಲಿ ಕಲ್ಲು ಹರಡಿ, ಕಲ್ಲಿನ ನೆತ್ತಿ ಮುಳುಗದಷ್ಟು ನೀರಿಡಿ. ಸೊಳ್ಳೆ ಆಗದಂತೆ ದಿನಾ ಚೆಲ್ಲಿ ಬದಲಿಸಿ.

ಅಪಾರ್ಟ್‌ಮೆಂಟಿನ ಸಜ್ಜೆಯಲ್ಲಿ ಹೆಜ್ಜೇನು ಕಟ್ಟಿದರೆ ಗಾಬರಿಯಾಗುವುದು ಸಹಜ. ಬೆಂಕಿ, ವಿಷ ಬೇಡ. ಜನ ಓಡಾಡುವ ಎತ್ತರದಲ್ಲಿದ್ದರೆ ಕೊಲ್ಲದೆ ಎಬ್ಬಿಸಬಲ್ಲ ಅನುಭವಸ್ಥರನ್ನು ಕರೆಯಿರಿ. ಮೇಲೆಲ್ಲೋ ಇದ್ದರೆ ರಾತ್ರಿ ಆ ಕಡೆಯ ದೀಪ ಆರಿಸಿ, ಕಿಟಕಿ ಮುಚ್ಚಿಡಿ. ಹೂವಿನ ಕಾಲ ಮುಗಿದಾಗ ಅವು ತಾವಾಗಿಯೇ ಎದ್ದು ಹೋಗುತ್ತವೆ. ಖಾಲಿ ಎರಿಯನ್ನು ಆಗ ಕೆರೆದು ತೆಗೆದರಾಯಿತು.