ಪ್ಲಾಸ್ಮಾ ಮತ್ತು ಎಲ್‌ಸಿಡಿ: ಉತ್ತಮ ಚಿತ್ರವಿದ್ದೂ ಸರಕು ಸೋತದ್ದೇಕೆ?

ಗುಣಮಟ್ಟ ಉತ್ತಮವಾಗಿದ್ದರೆ ಸರಕು ತಾನಾಗಿಯೇ ಮಾರಾಟವಾಗುತ್ತದೆ ಎಂಬ ನಂಬಿಕೆ ವಾಣಿಜ್ಯ ವಲಯದಲ್ಲಿ ಬಹು ಹಳೆಯದು. ಈ ನಂಬಿಕೆಯನ್ನು ಒರೆಗೆ ಹಚ್ಚಲು ಚಪ್ಪಟೆ ಪರದೆಯ ಟೆಲಿವಿಷನ್‌ಗಳ ಇತಿಹಾಸ ಉತ್ತಮ ನಿದರ್ಶನವಾಗಿದೆ. ಮನೆಗೆ ಪ್ಲಾಸ್ಮಾ ಕೊಳ್ಳಬೇಕೇ, ಎಲ್‌ಸಿಡಿ ಕೊಳ್ಳಬೇಕೇ ಎಂಬುದು 2000ರ ದಶಕದಲ್ಲಿ ಗ್ರಾಹಕರನ್ನೂ ವರ್ತಕರನ್ನೂ ಸಮಾನವಾಗಿ ಕಾಡಿದ ಪ್ರಶ್ನೆ. ಚಿತ್ರದ ಗುಣದಲ್ಲಿ ಅನೇಕ ಪರಿಣತರು ಪ್ಲಾಸ್ಮಾವನ್ನೇ ಮೆಚ್ಚಿದ್ದರು. ಆದರೂ 2014ರ ಅಂತ್ಯದ ವೇಳೆಗೆ ಜಪಾನ್ ಮತ್ತು ಕೊರಿಯಾದ ಪ್ರಮುಖ ತಯಾರಕರೆಲ್ಲರೂ ಪ್ಲಾಸ್ಮಾ ಉತ್ಪಾದನೆಯನ್ನು ಕೈಬಿಟ್ಟಿದ್ದರು. ಇದರ ಕಾರಣಗಳು ಇಂದಿನ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಅಧ್ಯಯನಯೋಗ್ಯವಾಗಿವೆ.

ಎರಡು ತಂತ್ರಗಳ ಸ್ವರೂಪ

ಪ್ಲಾಸ್ಮಾ ಪರದೆಯನ್ನು 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ರಾಬರ್ಟ್ ವಿಲ್ಸನ್ ರೂಪಿಸಿದರು. ಎರಡು ಗಾಜಿನ ಹಾಳೆಗಳ ನಡುವೆ ಅತಿ ಸಣ್ಣ ಕೋಶಗಳಿದ್ದು, ಅವುಗಳಲ್ಲಿ ನಿಯಾನ್, ಕ್ಸೆನಾನ್ ಮೊದಲಾದ ಅನಿಲಗಳು ತುಂಬಿರುತ್ತವೆ. ವಿದ್ಯುತ್ ಹರಿದಾಗ ಅನಿಲವು ನೇರಳಾತೀತ ಕಿರಣವನ್ನು ಹೊಮ್ಮಿಸುತ್ತದೆ. ಆ ಕಿರಣ ತಗುಲಿ ಕೋಶದ ಒಳಲೇಪ ಕೆಂಪು, ಹಸಿರು ಅಥವಾ ನೀಲಿಯಾಗಿ ಬೆಳಗುತ್ತದೆ. ಅಂದರೆ ಇಲ್ಲಿ ಪ್ರತಿಯೊಂದು ಕೋಶವೂ ಸ್ವಯಂ ಬೆಳಕಿನ ಮೂಲ.

ಎಲ್‌ಸಿಡಿಯ ದ್ರವಸ್ಫಟಿಕ ತಾನಾಗಿ ಬೆಳಗುವುದಿಲ್ಲ. ಪರದೆಯ ಹಿಂಬದಿಯ ದೀಪದ ಬೆಳಕನ್ನು ಅದು ಕಿಟಕಿಯ ಬಾಗಿಲಿನಂತೆ ಬಿಡುತ್ತದೆ ಅಥವಾ ತಡೆಯುತ್ತದೆ. ಆರಂಭದಲ್ಲಿ ಈ ದೀಪ ಸಣ್ಣ ಪ್ರತಿದೀಪಕ ಕೊಳವೆಯಾಗಿತ್ತು. ನಂತರ ಎಲ್‌ಇಡಿ ಬಂದಿತು. ‘ಎಲ್‌ಇಡಿ ಟಿ.ವಿ.’ ಎಂದು ಮಾರಾಟವಾಗುವ ಸಾಮಾನ್ಯ ಗೃಹೋಪಯೋಗಿ ಯಂತ್ರ ಮೂಲತಃ ಎಲ್‌ಸಿಡಿಯೇ ಎಂಬುದನ್ನು ಮಾರಾಟಗಾರರು ಸ್ಪಷ್ಟವಾಗಿ ತಿಳಿದಿರತಕ್ಕದ್ದು.

ಗ್ರಾಹಕರ ಮುಂದಿದ್ದ ಆಯ್ಕೆ

ಮಬ್ಬು ಬೆಳಕಿನ ಕೋಣೆಯಲ್ಲಿ ಚಲನಚಿತ್ರ ನೋಡುವವರಿಗೆ ಪ್ಲಾಸ್ಮಾ ಹೆಚ್ಚು ಒಪ್ಪುತ್ತಿತ್ತು. ಅದರಲ್ಲಿ ಕಪ್ಪು ಬಣ್ಣ ಗಾಢವಾಗಿ ಕಾಣುತ್ತಿತ್ತು. ಓರೆಯಾಗಿ ಕುಳಿತವರಿಗೂ ಬಣ್ಣ ಕೆಡುತ್ತಿರಲಿಲ್ಲ. ಕ್ರಿಕೆಟ್ ಚೆಂಡಿನಂಥ ವೇಗದ ಚಲನೆ ಕದಡುತ್ತಿರಲಿಲ್ಲ. ಆ ಕಾಲದ ಎಲ್‌ಸಿಡಿ ಈ ಮೂರರಲ್ಲಿಯೂ ಹಿಂದಿತ್ತು.

ಆದರೆ ಪ್ಲಾಸ್ಮಾಕ್ಕೆ ತನ್ನವೇ ಆದ ದೋಷಗಳಿದ್ದವು. ಯಂತ್ರ ಭಾರವಾಗಿತ್ತು. ಗಾಜಿನ ಮೇಲೆ ಕಿಟಕಿಯ ಬೆಳಕು ಪ್ರತಿಫಲಿಸುತ್ತಿತ್ತು. ಸುದ್ದಿವಾಹಿನಿಯ ಲಾಂಛನದಂಥ ನಿಶ್ಚಲ ಚಿತ್ರ ಬಹುಕಾಲ ನಿಂತರೆ ಅದರ ಗುರುತು ಪರದೆಯ ಮೇಲೆ ಉಳಿಯುವ ಸಂಭವವಿತ್ತು. ವಿದ್ಯುತ್ ಬಳಕೆಯೂ ಸಾಮಾನ್ಯವಾಗಿ ಹೆಚ್ಚು. ಒಂದು ಯಂತ್ರ ಮತ್ತೊಂದಕ್ಕಿಂತ 100 ವ್ಯಾಟ್ ಹೆಚ್ಚು ಬಳಸುತ್ತದೆಂದೂ ದಿನಕ್ಕೆ 5 ಗಂಟೆ ಚಾಲನೆಯಲ್ಲಿರುತ್ತದೆಂದೂ ಭಾವಿಸಿದರೆ, ವರ್ಷಕ್ಕೆ 182.5 ಯೂನಿಟ್ ಹೆಚ್ಚುವರಿಯಾಗುತ್ತದೆ. ಯೂನಿಟ್ಟಿಗೆ 7 ರೂ.ನಂತೆ ಲೆಕ್ಕ ಹಾಕಿದರೆ ಇದು 1,277 ರೂ. 50 ಪೈಸೆ. ಕೊಳ್ಳುವ ದರಪಟ್ಟಿಯಲ್ಲಿ ಕಾಣದ ಈ ವೆಚ್ಚ ಯಂತ್ರದ ಆಯುಷ್ಯ ಪೂರ್ತಿ ಗ್ರಾಹಕನ ಮೇಲೆಯೇ ಬೀಳುತ್ತದೆ.

ಅಂಗಡಿಯ ಬೆಳಕು, ಮನೆಯ ಬೆಳಕು

ಗ್ರಾಹಕ ಯಂತ್ರವನ್ನು ಮನೆಯಲ್ಲಿ ನೋಡುತ್ತಾನೆ. ಆದರೆ ಆರಿಸುವುದು ಅಂಗಡಿಯಲ್ಲಿ. ಪ್ರಖರ ದೀಪಗಳ ಮಳಿಗೆಯಲ್ಲಿ ಪ್ಲಾಸ್ಮಾ ಮಂಕಾಗಿ ಕಾಣುತ್ತಿತ್ತು, ಎಲ್‌ಸಿಡಿ ಝಗಮಗಿಸುತ್ತಿತ್ತು. ರಾತ್ರಿಯ ಹಜಾರದಲ್ಲಿ ಮೇಲುಗೈ ಪಡೆಯಬಹುದಾಗಿದ್ದ ಸರಕು ಹಗಲಿನ ಮಳಿಗೆಯಲ್ಲಿಯೇ ಹಿಂದೆ ಬಿದ್ದಿತು. ಬಳಕೆಯ ಸನ್ನಿವೇಶವನ್ನು ಮಳಿಗೆಯಲ್ಲಿ ತೋರಿಸಲಾಗದ ಗುಣಕ್ಕೆ ಬೆಲೆ ಸಿಗುವುದು ದುರ್ಲಭ.

ಉತ್ಪಾದನೆಯ ಲೆಕ್ಕಾಚಾರ

ನಿರ್ಣಾಯಕ ಕಾರಣ ಕಾರ್ಖಾನೆಯಲ್ಲಿತ್ತು. ಪ್ಲಾಸ್ಮಾ ಕೋಶಗಳನ್ನು ತೀರ ಕಿರಿದು ಮಾಡುವುದು ಕಷ್ಟವಾದ್ದರಿಂದ ಆ ತಂತ್ರ ದೊಡ್ಡ ಪರದೆಗಳಿಗೆ ಸೀಮಿತವಾಯಿತು. ಎಲ್‌ಸಿಡಿಯಾದರೋ ಕೈಗಡಿಯಾರ, ಕ್ಯಾಲ್ಕುಲೇಟರ್, ಮೊಬೈಲ್, ಲ್ಯಾಪ್‌ಟಾಪ್, ಟೆಲಿವಿಷನ್ ಎಲ್ಲಕ್ಕೂ ಹೊಂದಿತು. ಒಂದೇ ತಂತ್ರದ ಸಂಶೋಧನಾ ವೆಚ್ಚ ಹತ್ತಾರು ಸರಕುಗಳ ಮೇಲೆ ಹಂಚಿಹೋಯಿತು. ಜಪಾನಿನ ಶಾರ್ಪ್ ಸಂಸ್ಥೆ ಕಾಮೆಯಾಮದಲ್ಲಿ 2004ರಲ್ಲಿ 1500×1800 ಮಿ.ಮೀ. ಅಳತೆಯ ಗಾಜಿನಿಂದ ಪರದೆಗಳನ್ನು ಕತ್ತರಿಸಲಾರಂಭಿಸಿತು. 2006ರಲ್ಲಿ ಅಲ್ಲಿನ ಎರಡನೆಯ ಘಟಕ 2160×2460 ಮಿ.ಮೀ. ಗಾಜನ್ನು ಬಳಸಿತು. ಒಂದು ಗಾಜಿನಿಂದ ದೊರೆಯುವ ಪರದೆಗಳು ಹೆಚ್ಚಿದಂತೆ ತಲಾ ವೆಚ್ಚ ಇಳಿಯಿತು. ಓರೆನೋಟ, ಚಲನೆಯ ಮಸುಕು ಮೊದಲಾದ ದೋಷಗಳೂ ಕ್ರಮೇಣ ತಗ್ಗಿದವು.

ಇದರ ಪರಿಣಾಮ ಬೇಗನೆ ಗೋಚರಿಸಿತು. ಪಯೋನಿಯರ್ ಸಂಸ್ಥೆ ತನ್ನ ಹೆಸರಾಂತ ‘ಕುರೋ’ ಪ್ಲಾಸ್ಮಾ ಯಂತ್ರಗಳಿದ್ದರೂ 2009ರಲ್ಲಿ ಟೆಲಿವಿಷನ್ ಉದ್ಯಮದಿಂದ ನಿರ್ಗಮಿಸುವುದಾಗಿ ಪ್ರಕಟಿಸಿತು. ಪ್ಯಾನಸೋನಿಕ್ ಅದೇ ವರ್ಷ ಅಮಾಗಸಾಕಿಯಲ್ಲಿ ಬೃಹತ್ ಪ್ಲಾಸ್ಮಾ ಘಟಕವನ್ನು ಆರಂಭಿಸಿ, 2013ರ ಡಿಸೆಂಬರ್‌ನಲ್ಲಿ ಪ್ಲಾಸ್ಮಾ ಉತ್ಪಾದನೆಯನ್ನೇ ಮುಗಿಸಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಅದೇ ದಾರಿ ಹಿಡಿದವು.

ಹಾಗೆಂದು ಎಲ್‌ಸಿಡಿ ತಯಾರಕರೆಲ್ಲರೂ ಲಾಭ ಕಂಡರೆಂದಲ್ಲ. ಬೆಲೆ ಕುಸಿತದ ಹೊಡೆತಕ್ಕೆ ಸಿಲುಕಿದ ಶಾರ್ಪ್ 2016ರಲ್ಲಿ ತೈವಾನಿನ ಫಾಕ್ಸ್‌ಕಾನ್ ಸಮೂಹದ ವಶವಾಯಿತು. ಅದರ ಸಕಾಯಿ ಕಾರ್ಖಾನೆಯಲ್ಲಿ ಟಿ.ವಿ. ಪರದೆಗಳ ಉತ್ಪಾದನೆ 2024ರಲ್ಲಿ ನಿಂತಿತು. ತಂತ್ರ ಗೆಲ್ಲುವುದು ಬೇರೆ, ಅದರಲ್ಲಿ ಹಣ ತೊಡಗಿಸಿದವನು ಗೆಲ್ಲುವುದು ಬೇರೆ.

ಗಮನಿಸಬೇಕಾದ ಅಂಶಗಳು

1. ಎರಡು ತಂತ್ರಗಳು ಪೈಪೋಟಿಯಲ್ಲಿರುವಾಗ ಒಂದರದೇ ದಾಸ್ತಾನನ್ನು ಸಾಲ ಮಾಡಿ ತುಂಬಿಸುವುದು ಅಪಾಯಕರ. ಬೆಲೆ ಇಳಿಯುತ್ತಿರುವ ಸರಕಿನಲ್ಲಿ ದಾಸ್ತಾನು ಬೇಗ ತಿರುಗುವುದೇ ಲಾಭ. ಗೋದಾಮಿನಲ್ಲಿ ಉಳಿದ ಪ್ರತಿ ತಿಂಗಳೂ ನಷ್ಟ.

2. ಮಾರಾಟಕ್ಕೆ ಮುನ್ನ ಗ್ರಾಹಕರನ್ನು ನಾಲ್ಕು ಪ್ರಶ್ನೆ ಕೇಳುವುದು ಒಳಿತು: ಕೋಣೆಗೆ ಎಷ್ಟು ಬೆಳಕು ಬರುತ್ತದೆ? ಎಷ್ಟು ದೂರದಿಂದ ನೋಡುತ್ತಾರೆ? ಏನನ್ನು ಹೆಚ್ಚಾಗಿ ನೋಡುತ್ತಾರೆ? ದಿನಕ್ಕೆ ಎಷ್ಟು ಗಂಟೆ? ಈ ಉತ್ತರಗಳಿಂದ ಸರಿಯಾದ ಆಯ್ಕೆ ತಾನಾಗಿ ಹೊರಬೀಳುತ್ತದೆ, ಮುಂದಿನ ದೂರುಗಳೂ ತಗ್ಗುತ್ತವೆ.

3. ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳು ಒಂದೇ ಮಾದರಿಗೆ ಅಚ್ಚು ಹಾಕಿಸುವ ಬದಲು ಸಾಮಾನ್ಯ ಮಾನದಂಡವನ್ನು ಅನುಸರಿಸುವುದು ಕ್ಷೇಮ. ಗೋಡೆಗೆ ಯಂತ್ರ ತೂಗುಹಾಕುವ ಬ್ರಾಕೆಟ್ಟಿನ ರಂಧ್ರಗಳಿಗೆ ‘ವೆಸಾ’ ಮಾನದಂಡವಿದೆ. 200×200, 400×400 ಮಿ.ಮೀ. ಮುಂತಾದ ಅಳತೆಗಳು ಪರದೆಯೊಳಗಿನ ತಂತ್ರವನ್ನು ಅವಲಂಬಿಸಿಲ್ಲ. ತಂತ್ರ ಬದಲಾದರೂ ಇಂಥ ಸರಕಿಗೆ ಗಿರಾಕಿ ತಪ್ಪುವುದಿಲ್ಲ.

4. ಇದೇ ಪ್ರಶ್ನೆ ಇಂದು ಓಎಲ್‌ಇಡಿ ಮತ್ತು ಎಲ್‌ಸಿಡಿಗಳ ನಡುವೆ ಮರುಕಳಿಸಿದೆ. ಓಎಲ್‌ಇಡಿಯೂ ಪ್ಲಾಸ್ಮಾದಂತೆ ಸ್ವಯಂ ಬೆಳಗುವ ಪರದೆ. ಕಪ್ಪು ಗಾಢ, ಆದರೆ ನಿಶ್ಚಲ ಚಿತ್ರದ ಗುರುತು ಉಳಿಯುವ ಸಂಭವ ಇದಕ್ಕೂ ಉಂಟು. ವ್ಯತ್ಯಾಸವೆಂದರೆ ಇದು ಮೊಬೈಲ್ ಗಾತ್ರಕ್ಕೂ ಹೊಂದುತ್ತದೆ. ಪ್ಲಾಸ್ಮಾಕ್ಕಿಲ್ಲದಿದ್ದ ವಿಶಾಲ ಮಾರುಕಟ್ಟೆ ಇದಕ್ಕಿದೆ.

ಸರಕು ಎಷ್ಟು ಚೆನ್ನಾಗಿದೆ ಎಂಬುದರ ಜೊತೆಗೆ ಅದು ಎಷ್ಟು ಕಡೆ ಹೊಂದುತ್ತದೆ, ಎಷ್ಟು ಅಗ್ಗವಾಗಬಲ್ಲದು ಎಂಬುದನ್ನೂ ತೂಗಿ ನೋಡಿದ ವರ್ತಕನ ಬಂಡವಾಳ, ಮುಂದಿನ ತಂತ್ರ ಬಂದಾಗ ಅವನ ಕೈಯಲ್ಲಿಯೇ ಉಳಿದಿರುತ್ತದೆ.